ಎಲ್ಫ್ ಪಾತ್ರಕ್ಕೆ ಹೆಸರಿಡುವುದು ಹೇಗೆ: ಟೇಬಲ್‌ನಲ್ಲಿ ಕೂಗಿದರೆ ನಿಲ್ಲುವ ಹೆಸರು, ಹಂತ ಹಂತವಾಗಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರಹ ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ಆಡುವ ಆಟಕ್ಕೆ ಒಂದು ಎಲ್ಫ್ ಕಟ್ಟುತ್ತಿದ್ದೀರಿ. ಎಲ್ಫ್ ಅಂದರೆ ಕಥೆಗಳಲ್ಲಿ ಬರುವ, ನೂರಾರು ವರ್ಷ ಬದುಕುವ ಒಂದು ಕಲ್ಪಿತ ಜನಾಂಗ. ಕ್ಲಾಸ್, ಅಂದರೆ ಪಾತ್ರದ ಕಸುಬು, ಆರಿಸಿದ್ದಾಯ್ತು, ಅಂಕ ಹಂಚಿದ್ದಾಯ್ತು, ಬಿಲ್ಲು-ಬಾಣ ಬರೆದಿದ್ದಾಯ್ತು. ಪಾತ್ರದ ವಿವರ ಬರೆಯುವ ಕ್ಯಾರೆಕ್ಟರ್ ಶೀಟ್‌ನಲ್ಲಿ ಹೆಸರಿನ ಜಾಗ ಮಾತ್ರ ಖಾಲಿ. ಆಗ ಮೊಬೈಲ್ ತೆಗೆದು ಹೆಸರು ಹುಟ್ಟಿಸುವ ಯಾವುದೋ ಜನರೇಟರ್ ಒತ್ತುತ್ತಾರೆ, ಬಂದ ಉದ್ದನೆ ಇಂಗ್ಲಿಷ್ ಹೆಸರನ್ನು ಹಾಗೇ ಬರೆದುಬಿಡುತ್ತಾರೆ. ಎರಡನೇ ಸೆಷನ್ ಹೊತ್ತಿಗೆ ಅದು ಯಾರಿಗೂ ನೆನಪಿರುವುದಿಲ್ಲ. "ಏ ಎಲ್ಫ್, ನಿನ್ನ ಪಾಳಿ" ಅಂತ ಶುರುವಾಗುತ್ತದೆ.

ನಾನು ಬೆಳಗಾವಿಯಲ್ಲಿ ಭಾನುವಾರದ ಆಟ ನಡೆಸುತ್ತೇನೆ. ಬಾಗಲಕೋಟೆ, ವಿಜಯಪುರದ ಗೆಳೆಯರು ದೂರದಿಂದಲೇ ಮಾತಾಡುವ ಆ್ಯಪ್ ಆದ ಡಿಸ್ಕಾರ್ಡ್‌ನಲ್ಲಿ ಸೇರಿಕೊಳ್ಳುತ್ತಾರೆ. ಹೊಸಬರು ಹೆಚ್ಚಾಗಿ ಎಡವುವುದು ಇದೇ ಜಾಗದಲ್ಲಿ, ಮತ್ತು ಕಾರಣ ಪ್ರತಿ ಸಲ ಒಂದೇ. ಅವರು ಹೆಸರನ್ನು ಕಣ್ಣಿನಿಂದ ಆರಿಸುತ್ತಾರೆ. ಟೇಬಲ್‌ನಲ್ಲಿ ಅದನ್ನು ಬಳಸುವುದು ಬಾಯಿ ಮತ್ತು ಕಿವಿ. ಹಾಗಾಗಿ ಮೊದಲು ಅರ್ಥ, ಆಮೇಲೆ ಧ್ವನಿ, ಆಮೇಲೆ ಕೂಗಿ ನೋಡುವುದು, ಕೊನೆಗೆ ಸ್ಪೆಲಿಂಗ್. ಈ ಕ್ರಮ ತಪ್ಪಿಸಬೇಡಿ.

ಏನೇನು ಬೇಕು

ಒಂದು ಹಾಳೆ, ಪೆನ್ನು. ನೀವು ಆಡುವ ಆಟದ ರೂಲ್ ಪುಸ್ತಕ. ಒಂದು ಕನ್ನಡ ನಿಘಂಟು. ಆನ್‌ಲೈನ್‌ನಲ್ಲಿ ಅಲರ್ ನಿಘಂಟು ಉಚಿತವಾಗಿ ಸಿಗುತ್ತದೆ, ಅದೇ ಸಾಕು. ಮೊಬೈಲ್‌ನ ವಾಯ್ಸ್ ರೆಕಾರ್ಡರ್. ಮತ್ತೆ ನಿಮ್ಮ ಪಾರ್ಟಿಯ, ಅಂದರೆ ಜೊತೆಗೆ ಆಡುವ ತಂಡದ, ಒಬ್ಬ ಗೆಳೆಯ ಅಥವಾ ಗೆಳತಿ, ಮುಲಾಜಿಲ್ಲದೆ ಮಾತಾಡುವವರು. ಜನರೇಟರ್ ಸದ್ಯಕ್ಕೆ ಬೇಡ. ಅದರ ಕೆಲಸ ಮುಂದೆ ಬರುತ್ತದೆ.

ಹಂತ 1: ಮೊದಲು ಡಿಎಂ, ಅಂದರೆ ಆಟ ನಡೆಸುವವರ, ಹತ್ತಿರ ಕೇಳಿ

ಎಲ್ಫ್ ಅಂದರೆ ಎಲ್ಲ ಆಟದಲ್ಲೂ ಒಂದೇ ಅಲ್ಲ. ಲಾರ್ಡ್ ಆಫ್ ದಿ ರಿಂಗ್ಸ್ ಬರೆದ ಟೋಲ್ಕಿನ್ ತನ್ನ ಎಲ್ಫ್ ಜನರಿಗಾಗಿ ಕಟ್ಟಿದ ಸಿಂಡರಿನ್ ಭಾಷೆಯಲ್ಲಿ ಕೊನೆಗೆ "-ಇಯೆಲ್" ಬಂದರೆ ಮಗಳು, "-ಇಯೊನ್" ಬಂದರೆ ಮಗ. ಆ ಲೋಕದ ಆಟದಲ್ಲಿ ಗಂಡು ಎಲ್ಫ್‌ಗೆ "-ಇಯೆಲ್" ಹಚ್ಚಿದರೆ ಗೊತ್ತಿದ್ದವರಿಗೆ ತಕ್ಷಣ ಕಿರಿಕಿರಿ ಆಗುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನಲ್ಲಿ ಹಾಗಿಲ್ಲ. ಅದರ 2014ರ ರೂಲ್ ಪುಸ್ತಕದ ಪ್ರಕಾರ ಎಲ್ಫ್‌ಗಳಲ್ಲಿ ಗಂಡು ಹೆಸರು, ಹೆಣ್ಣು ಹೆಸರು ಅಂತ ದೊಡ್ಡ ಭೇದವೇನೂ ಇಲ್ಲ.

ಡಿಎಂಗೆ ಕೇಳಬೇಕಾದ್ದು ಇಷ್ಟು: ಈ ಲೋಕದ ಎಲ್ಫ್‌ಗಳಿಗೆ ಹೆಸರಿನ ನಿಯಮ ಇದೆಯಾ? ಈಗಾಗಲೇ ಡಿಎಂ ಆಡಿಸುವ ಯಾವ ಎಲ್ಫ್ ಪಾತ್ರಗಳು, ಅಂದರೆ ಎನ್‌ಪಿಸಿಗಳಿದ್ದಾರೆ, ಅವರ ಹೆಸರೇನು? ಮನೆತನದ ಹೆಸರಿಗೆ ಕಥೆಯಲ್ಲಿ ಏನಾದರೂ ತೂಕ ಇದೆಯಾ? ಕೊನೆಯದು ಬಹಳ ಮುಖ್ಯ. ನೀವು ಸುಮ್ನೆ ಚೆಂದ ಕಂಡಿತು ಅಂತ ಇಟ್ಟುಕೊಂಡ ಹೆಸರು ಆ ಲೋಕದ ರಾಜಮನೆತನದ್ದು ಅಂತ ನಾಲ್ಕನೇ ಸೆಷನ್‌ನಲ್ಲಿ ಗೊತ್ತಾದರೆ ಕಥೆಯನ್ನೇ ತಿದ್ದಬೇಕಾಗುತ್ತದೆ.

ಹಂತ 2: ವಯಸ್ಸು ಬರೆದುಕೊಳ್ಳಿ

ಹೆಸರಿಗೂ ವಯಸ್ಸಿಗೂ ಏನು ಸಂಬಂಧ ಅಂತ ಹೊಸಬರು ಕೇಳುತ್ತಾರೆ. ತುಂಬಾ ಇದೆ. ಅದೇ 2014ರ ಪುಸ್ತಕದಲ್ಲಿ ಎಲ್ಫ್ 750 ವರ್ಷದವರೆಗೆ ಬದುಕಬಹುದು. ಮೈ ಬೆಳೆಯುವುದು ಮನುಷ್ಯರಷ್ಟೇ ವಯಸ್ಸಿಗೆ, ಆದರೆ "ನಾನೀಗ ದೊಡ್ಡವ" ಅಂತ ಹೇಳಿಕೊಳ್ಳುವುದು ಸುಮಾರು 100ರ ಹೊತ್ತಿಗೆ. ಅಲ್ಲಿಯವರೆಗೆ ಮಗುವಿನ ಹೆಸರು. 100 ಆದಮೇಲೆ ಎಲ್ಫ್ ತನ್ನ ಹೆಸರನ್ನು ತಾನೇ ಆರಿಸಿಕೊಳ್ಳುತ್ತದೆ. ಚಿಕ್ಕಂದಿನಿಂದ ಕಂಡವರು ಮಾತ್ರ ಹಳೇ ಹೆಸರಿನಿಂದಲೇ ಕರೆಯುತ್ತಿರಬಹುದು. ನಮ್ಮಲ್ಲಿ ತೊಟ್ಟಿಲ ಹೆಸರು ಒಂದು, ಶಾಲೆ ಹೆಸರು ಒಂದು ಇರುವ ಎಷ್ಟೋ ಜನರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಅಂದರೆ ನೀವು ಹುಡುಕುತ್ತಿರುವುದು ಒಂದಲ್ಲ, ಮೂರು ಹೆಸರು: ಮಗುವಿನದು, ದೊಡ್ಡವರಾದ ಮೇಲಿನದು, ಮನೆತನದ್ದು. ನಿಮ್ಮ ಪಾತ್ರಕ್ಕೆ 80 ವರ್ಷವಾದರೆ ಇನ್ನೂ ಮಗುವಿನ ಹೆಸರೇ ನಡೆಯುತ್ತಿದೆ, ದೊಡ್ಡ ಹೆಸರನ್ನು ಆಟದ ನಡುವೆ ಆರಿಸಿಕೊಳ್ಳುವ ಅವಕಾಶ ಇದೆ. ಇದೊಂದು ಒಳ್ಳೇ ಕಥೆ, ಜನ ಬಳಸಿಕೊಳ್ಳುವುದೇ ಇಲ್ಲ.

ಹಂತ 3: ಅರ್ಥವನ್ನು ಕನ್ನಡದಲ್ಲಿ ಬರೆಯಿರಿ

ಹಾಳೆ ಮೇಲೆ ಒಂದೇ ವಾಕ್ಯ: ಈ ಎಲ್ಫ್ 100ರ ವಯಸ್ಸಿನಲ್ಲಿ ಯಾವುದನ್ನು ನೆನೆದು ಹೆಸರು ಆರಿಸಿಕೊಂಡಿತು?

ಗುಣ ಬರೆಯಬೇಡಿ, ಕಣ್ಣಿಗೆ ಕಾಣುವ ವಸ್ತು ಬರೆಯಿರಿ. "ಧೈರ್ಯ", "ಕತ್ತಲು", "ಸೇಡು" ಅಂತ ಬರೆದರೆ ಹೆಸರು ಎಲ್ಲರದ್ದರಂತೆಯೇ ಆಗುತ್ತದೆ, ಯಾಕೆಂದರೆ ಪ್ರತಿ ಹೊಸಬರ ಎಲ್ಫ್ ಕೂಡ ಕತ್ತಲಲ್ಲಿ ಸೇಡಿಗಾಗಿ ಅಲೆಯುತ್ತಿರುತ್ತದೆ. ಖಾನಾಪುರದ ಕಡೆ ಭೀಮಗಡದ ಕಾಡನ್ನು ಮಳೆಗಾಲದಲ್ಲಿ ನೋಡಿದ್ದೀರಾ? ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಜಾಗ ನೋಡಿದ್ದೀರಾ? ಒದ್ದೆ ಕಲ್ಲು, ಮತ್ತಿ ಮರದ ತೊಗಟೆ, ಮಂಜಿನಲ್ಲಿ ಅರ್ಧ ಕಾಣುವ ಕೊಂಬೆ, ಇಂಥದ್ದು ಬೇಕು. ವುಡ್ ಎಲ್ಫ್‌ಗೆ ಇದಕ್ಕಿಂತ ಒಳ್ಳೇ ಸಾಮಗ್ರಿ ಎಲ್ಲಿ ಸಿಗುತ್ತದೆ? ಮಾಯೆ-ವಿದ್ಯೆಯ ಹೈ ಎಲ್ಫ್ ಆದರೆ ಕಲ್ಲಿನ ಕೆತ್ತನೆ, ದೀಪ, ನಕ್ಷತ್ರ ನೋಡುವ ಮಾಳಿಗೆ. ನೆಲದಡಿ ವಾಸಿಸುವ ಡ್ರೌ ಎಲ್ಫ್ ಆದರೆ ಅಲ್ಲಿನ ನೀರು, ಗುಹೆಯ ಹರಳು.

ಇಲ್ಲಿ ಒಂದು ಉದಾಹರಣೆ ಹಿಡಿದುಕೊಂಡು ಮುಂದೆ ಹೋಗೋಣ. ನಮ್ಮದು ವುಡ್ ಎಲ್ಫ್ ರೇಂಜರ್ (ಕಾಡು ಸುತ್ತುವ ಬೇಟೆಗಾರ), 130 ವರ್ಷ. ವಾಕ್ಯ: "ಮಳೆ ಬರುವ ಮುಂಚೆ ಬೀಸುವ ತಂಪು ಗಾಳಿ."

ಹಂತ 4: ಅರ್ಥದಿಂದ ಧ್ವನಿಗೆ

ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ.

ಎಲ್ಫ್ ಹೆಸರು ಕಿವಿಗೆ ಎಲ್ಫ್ ಹೆಸರಿನ ಹಾಗೆ ಕೇಳಿಸುವುದು ಯಾಕೆ? ಪುಸ್ತಕದ ಪಟ್ಟಿಯಲ್ಲಿರುವ ಕೆಲವನ್ನು ಗಟ್ಟಿಯಾಗಿ ಓದಿ: ಏಲಾರ್, ಅರಾಮಿಲ್, ಥಾಮಿಯರ್, ಸಾರಿಯೆಲ್, ಎರ್ಡಾನ್. ನಡುವೆ ಲ, ರ, ನ, ಮ, ಯ ಓಡಾಡುತ್ತವೆ. ಕೊನೆ ಬಹಳ ಸಲ ಲ್, ರ್, ನ್, ಸ್. ಒತ್ತಕ್ಷರ ಕಡಿಮೆ. ಟ, ಠ, ಡ, ಣ ತುಂಬಿದರೆ, "ಗ್ಗ", "ಟ್ಟ" ಬಂದರೆ ಆ ಹೆಸರು ಓರ್ಕ್ ಅಥವಾ ಡ್ವಾರ್ಫ್ ಅನ್ನುವ ಬೇರೆ ಕಲ್ಪಿತ ಜನಾಂಗಗಳ ಕಡೆ ವಾಲುತ್ತದೆ.

ಈಗ ಕನ್ನಡಕ್ಕೆ ಬನ್ನಿ. ನಾವು ಇಂದು ಮುಗಿಲು, ಕಡಲು, ನೇಸರು ಅನ್ನುತ್ತೇವೆ. ಹಳೆಗನ್ನಡದಲ್ಲಿ ಇವು ಮುಗಿಲ್, ಕಡಲ್, ನೇಸರ್. ಕೊನೆಯ ಉಕಾರ ಇಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೂ "ಈತನ್" ಅಂತಲೇ ಇದೆ, "ಈತನು" ಅಂತಲ್ಲ. ಅಂದರೆ ಎಲ್ಫ್ ಹೆಸರಿಗೆ ಬೇಕಾದ ಕೊನೆ ನಮ್ಮ ಭಾಷೆಯ ಒಳಗೇ ಸಿದ್ಧವಾಗಿದೆ, ಬೇರೆಡೆಯಿಂದ ತರಬೇಕಾಗಿಲ್ಲ. ಇದು ನನಗೆ ಬಹಳ ಇಷ್ಟವಾದ ದಾರಿ.

ಕೆಲಸ ಹೀಗೆ ಮಾಡಿ:

ನಿಮ್ಮ ವಾಕ್ಯದ ಮುಖ್ಯ ಪದಕ್ಕೆ ನಿಘಂಟಿನಲ್ಲಿ ಹಳೆಯ ಪದ ಹುಡುಕಿ. ಗಾಳಿಗೆ ಎಲರ್. ಹೂವಿಗೆ ಅಲರ್. ಚಿಗುರಿಗೆ ತಳಿರ್. ರಾತ್ರಿಗೆ ಇರುಳ್. ಚಿನ್ನಕ್ಕೆ ಪೊನ್. ತಂಪು ಗಾಳಿಗೆ ತಂಬೆಲರ್ ಅಂತ ಇಡೀ ಪದವೇ ಇದೆ.

ಸಿಕ್ಕ ಪದ ತೀರಾ ಪರಿಚಿತವಾ ನೋಡಿ. ಮುಗಿಲ್, ಕಡಲ್ ಎಲ್ಲರಿಗೂ ತಕ್ಷಣ ಅರ್ಥವಾಗುತ್ತವೆ. ಆಗ ಹೆಸರು ಹೆಸರಾಗಿ ಕೇಳಿಸುವುದಿಲ್ಲ, ಪದ್ಯದ ಸಾಲಿನಂತೆ ಕೇಳಿಸುತ್ತದೆ. ಎಲರ್, ಅಲರ್ ಅಷ್ಟು ಬಳಕೆಯಲ್ಲಿಲ್ಲ, ಹಾಗಾಗಿ ಹೆಸರಿಗೆ ಒಗ್ಗುತ್ತವೆ.

ಪದ ಚಿಕ್ಕದಾಯಿತು ಅನಿಸಿದರೆ ಬಾಲ ಹಚ್ಚಿ. ಸುಲಭವಾದದ್ದು "-ಇನ್". ಎಲರಿನ, ತಳಿರಿನ, ಅಲರಿನ ಅಂತ ಹೇಳಿ, ಕೊನೆಯ ಅಕಾರ ನುಂಗಿಬಿಡಿ: ಎಲರಿನ್, ತಳಿರಿನ್, ಅಲರಿನ್. ಳ ಇದ್ದರೆ ಲ ಮಾಡಿ, ಇಂಗ್ಲಿಷ್‌ನಲ್ಲಿ ಬರೆದಾಗ ಹೇಗೂ ಅದು ಉಳಿಯುವುದಿಲ್ಲ: ತಲಿರಿನ್. ಡ್ರೌ ಆದರೆ ಸ್ವಲ್ಪ ಗಡಸು ಬೇಕು, ಅಲ್ಲಿ ಝ, ದ್ರ ಹಾಕಬಹುದು. ಇರುಳ್‌ನಿಂದ ಇರ್ಲಾಝ್.

ನಮ್ಮ ಉದಾಹರಣೆ: ತಂಬೆಲರ್‌ನಲ್ಲಿ "ಂಬೆ" ಭಾರ, ಬಿಟ್ಟೆವು. ಎಲರ್ ಚೆನ್ನಾಗಿದೆ, ಆದರೆ ಪುಸ್ತಕದ ಏಲಾರ್‌ಗೆ ತೀರಾ ಹತ್ತಿರ, ಬೇರೆ ಯಾರಾದರೂ ಅದನ್ನು ಎತ್ತಿಕೊಂಡಿರುವ ಸಾಧ್ಯತೆ ಜಾಸ್ತಿ. ಎಲರಿನ್ ಉಳಿಯಿತು. ಹೀಗೆ ಒಂದೇ ಹೆಸರಿಗೆ ನಿಲ್ಲಬೇಡಿ, ಮೂರು ನಾಲ್ಕು ಬರೆದಿಟ್ಟುಕೊಳ್ಳಿ: ಎಲರಿನ್, ಎಲರ್ವೆನ್, ವೆಲಾರ್. ಮುಂದಿನ ಹಂತದಲ್ಲಿ ಕೆಲವು ಉದುರುತ್ತವೆ.

ಹಳೆಗನ್ನಡದ ದಾರಿ ಬೇಡ ಅನ್ನುವವರು ಪುಸ್ತಕದ ಎರಡು ಹೆಸರು ತೆಗೆದುಕೊಂಡು ಒಂದರ ತಲೆ, ಇನ್ನೊಂದರ ಬಾಲ ಸೇರಿಸಬಹುದು. ಅರಾಮಿಲ್, ಪೇಲಿಯಸ್ ಸೇರಿದರೆ ಅರಾಲಿಯಸ್. ಜನರೇಟರ್ ಕೂಡ ಈ ಹಂತಕ್ಕೆ ಸರಿ, ಕಚ್ಚಾ ಸಾಮಾನು ಅಂತ ಮಾತ್ರ. ಬಂದದ್ದನ್ನು ಕನ್ನಡ ಲಿಪಿಯಲ್ಲಿ ಬರೆದು, ನಿಮ್ಮ ಬಾಯಿಗೆ ಕಷ್ಟವಾದ ಅಕ್ಷರ ತೆಗೆದು ಹಾಕಿ.

ಹಂತ 5: ಕೂಗಿ ನೋಡಿ

ಹಾಳೆ ಪಕ್ಕಕ್ಕಿಡಿ. ಗೆಳೆಯನನ್ನು ಕೋಣೆಯ ಆ ಬದಿಗೆ ನಿಲ್ಲಿಸಿ. ಈಗ ಯುದ್ಧದ ನಡುವೆ ಕರೆಯುವ ಹಾಗೆ ಕರೆಯಿರಿ: "ಎಲರಿನ್, ಹಿಂದೆ ಸರಿ!" ಒಂದೇ ಉಸಿರಿನಲ್ಲಿ ಬಂತಾ? ಅವನು ಕೇಳಿದ್ದನ್ನು ಕನ್ನಡದಲ್ಲಿ ಬರೆಯಲಿ. ನೀವು ಅಂದುಕೊಂಡದ್ದನ್ನೇ ಬರೆದರೆ ಹೆಸರು ಅರ್ಧ ಗೆದ್ದಿತು. ಬೇರೆಯದೇ ಬರೆದರೆ ಅವನಿಗೆ ವಿವರಿಸಲು ಹೋಗಬೇಡಿ, ಹೆಸರನ್ನು ತಿದ್ದಿ.

ಎರಡನೇ ಪರೀಕ್ಷೆ ನಮ್ಮ ಕಡೆಯವರಿಗೆ ಮಾತ್ರ ಬೇಕಾಗುವಂಥದ್ದು, ಮತ್ತು ಇದನ್ನು ಬಿಟ್ಟವರೇ ಜಾಸ್ತಿ ಒದ್ದಾಡುವುದು. ಬಸಪ್ಪ ಬಸ್ಯಾ ಆಗುತ್ತಾನೆ, ಮಲ್ಲಪ್ಪ ಮಲ್ಲ್ಯಾ ಆಗುತ್ತಾನೆ, ನೀಲವ್ವ ನೀಲಿ ಆಗುತ್ತಾಳೆ. ನಿಮ್ಮ ಎಲ್ಫ್ ಇದರಿಂದ ತಪ್ಪಿಸಿಕೊಳ್ಳುತ್ತದೆ ಅಂದುಕೊಳ್ಳಬೇಡಿ. ಥಾರಿವೋಲ್ ಮೊದಲ ದಿನವೇ ಥಾರ್ಯಾ, ಪೇಲಿಯಸ್ ಪೇಲ್ಯಾ. ಇದು ಪ್ರೀತಿಯಿಂದಲೇ ಆಗುವುದು, ತಡೆಯುವುದಕ್ಕೆ ಆಗುವುದಿಲ್ಲ. ಹಾಗಾಗಿ ನೀವೇ ಮೊದಲು "ಯಾ" ಹಚ್ಚಿ ನೋಡಿ. ಬಂದ ಅಡ್ಡಕರೆ ನಿಮಗೆ ಒಪ್ಪಿಗೆಯಾ? ಪಟ್ಟಿಯಲ್ಲಿ ಬೈರೋ ಅಂತ ಒಂದು ಹೆಸರಿದೆ. ಯಾ ಹಚ್ಚಿದ ಕೂಡಲೇ ಅದು ನಮ್ಮೂರ ಭೈರ್ಯಾ ಆಗಿ, ಎಲ್ಫ್ ಮಾಯ! ಎಲರಿನ್ ಎಲ್ಯಾ ಆಗುತ್ತದೆ, ತೊಂದರೆ ಇಲ್ಲ.

ಮೂರನೇದು ಅರ್ಥದ ಅಪಾಯ. ಬೆಳಗಾವಿಯ ಟೇಬಲ್ ಅಂದರೆ ಕನ್ನಡ, ಮರಾಠಿ, ಹಿಂದಿ ಮೂರೂ ಇರುತ್ತವೆ. ಹೆಸರನ್ನು ಮೂರರಲ್ಲೂ ಕೇಳಿಸಿಕೊಳ್ಳಿ. ರೂಲ್ ಪುಸ್ತಕದ ಪಟ್ಟಿಯನ್ನೇ ಕಣ್ಣು ಮುಚ್ಚಿ ನಂಬಿದರೂ ಕಷ್ಟ: ಅದರಲ್ಲಿ "ಶವಾ" ಅಂತ ಒಂದು ಹೆಣ್ಣು ಹೆಸರಿದೆ. ಮಕ್ಕಳ ಹೆಸರುಗಳಲ್ಲಿ "ಸಾಯಿ" ಇದೆ. ಆ ಹೆಸರಿನ ಹುಡುಗರು ನಮ್ಮಲ್ಲೂ ಇದ್ದಾರೆ, ನಿಜ, ಆದರೆ ಕತ್ತಿ ಹಿಡಿದು ನಿಂತವನಿಗೆ ಟೇಬಲ್ ತುಂಬ ಎಲ್ಲರೂ "ಸಾಯಿ, ಸಾಯಿ" ಅಂತ ಕೂಗುವುದನ್ನು ಊಹಿಸಿ. "ಮೆಲ್ಲಾ" ಅಂತ ಇನ್ನೊಂದಿದೆ. ಕನ್ನಡದವರಿಗೆ ಮೆಲ್ಲಗೆ ಅನ್ನಿಸುತ್ತದೆ, ಮರಾಠಿಯವರಿಗೆ "ಮೇಲಾ", ಅಂದರೆ ಸತ್ತ, ಅಂತ ಕೇಳಿಸುತ್ತದೆ. "ಎನ್ನಾ" ಕೂಡ ಇದೆ. ಬಸವಣ್ಣನ ನೆಲದಲ್ಲಿ ಎನ್ನ ಅಂದರೆ ಮುಂದೆ ವಚನ ಬರುತ್ತದೆ ಅಂತಲೇ ಕಿವಿ ಕಾಯುತ್ತದೆ.

ಡಿಸ್ಕಾರ್ಡ್‌ನಲ್ಲಿ ಆಡುವವರಾದರೆ ಇನ್ನೊಂದು ಕೆಲಸ. ಹೆಸರನ್ನು ವಾಯ್ಸ್ ನೋಟ್ ಮಾಡಿ ಕಳಿಸಿ, ಏನು ಕೇಳಿಸಿತು ಅಂತ ಬರೆಯಲು ಹೇಳಿ. ಸ, ಥ, ಫ ಈ ಮೂರೂ ಮೈಕ್‌ನಲ್ಲಿ ಒಂದರಂತೆ ಒಂದು ಕೇಳಿಸುತ್ತವೆ, ನೆಟ್‌ವರ್ಕ್ ಕೈಕೊಟ್ಟರಂತೂ ಮುಗಿಯಿತು. ಲ, ರ, ನ ಗಟ್ಟಿಯಾಗಿ ಉಳಿಯುತ್ತವೆ.

ಹಂತ 6: ಪಾರ್ಟಿಯ ಪಕ್ಕದಲ್ಲಿ ಇಟ್ಟು ನೋಡಿ

ಉಳಿದವರ ಹೆಸರು ಕೇಳಿ ಒಂದರ ಕೆಳಗೆ ಒಂದು ಬರೆಯಿರಿ. ಒಂದೇ ಅಕ್ಷರದಿಂದ ಶುರುವಾಗುವ ಎರಡು ಹೆಸರು ಇರಬಾರದು, ಒಂದೇ ಬಾಲದ ಎರಡು ಹೆಸರೂ ಇರಬಾರದು. ಅರಾಮಿಲ್, ಅರನ್ನಿಸ್, ಅಡ್ರಾನ್ ಮೂವರೂ ಒಂದೇ ಪಾರ್ಟಿಯಲ್ಲಿದ್ದರೆ ಇನಿಷಿಯೇಟಿವ್ ಪಟ್ಟಿ, ಅಂದರೆ ಯಾರ ಪಾಳಿ ಯಾವಾಗ ಅನ್ನುವ ಪಟ್ಟಿ, ನೋಡಿ ಓದುವ ಡಿಎಂ ಪ್ರತಿ ಸುತ್ತಿನಲ್ಲೂ ತಡವರಿಸುತ್ತಾರೆ. ಎಲರಿನ್ ಎದುರಿಗೆ ಎಲಾರಾ ಅಂತ ಯಾರಾದರೂ ಇದ್ದರೆ ನಿಮ್ಮ ಪಟ್ಟಿಯ ವೆಲಾರ್ ಎತ್ತಿಕೊಳ್ಳಿ. ಮೊದಲು ಬಂದವರ ಹೆಸರು ಅವರಿಗೇ ಇರಲಿ.

ಹಂತ 7: ಮನೆತನದ ಹೆಸರು

ಇದಕ್ಕೆ ಹೆದರುವವರು ತುಂಬಾ. ಆದರೆ ನಮ್ಮ ಮೂರು ಜಿಲ್ಲೆಯವರಿಗೆ ಇದು ಎಲ್ಲಕ್ಕಿಂತ ಸುಲಭವಾಗಬೇಕು. ಎಲ್ಫ್‌ಗಳ ಮನೆತನದ ಹೆಸರು ಎರಡು ಪದ ಕೂಡಿ ಆದದ್ದು. ಪುಸ್ತಕದಲ್ಲಿ ಅರ್ಥವನ್ನೂ ಕೊಟ್ಟಿದ್ದಾರೆ: ಸಿಯಾನೋಡೆಲ್ ಅಂದರೆ ತಿಂಗಳ (ಚಂದ್ರನ) ತೊರೆ, ಗಾಲನೋಡೆಲ್ ಅಂದರೆ ತಿಂಗಳ ಪಿಸುಮಾತು, ನೈಲೋ ಅಂದರೆ ಇರುಳ ಗಾಳಿ, ಲಿಯಾಡನ್ ಅಂದರೆ ಬೆಳ್ಳಿ ಎಲೆಗರಿ. ಮೊದಲ ಎರಡರಲ್ಲಿ "ನೋಡೆಲ್" ಸಮಾನವಾಗಿದೆ, ತಿಂಗಳೂ ಸಮಾನವಾಗಿದೆ. ಆ ತುಂಡನ್ನು ಹಿಡಿದು ನೀವೇ ಮೂರನೆಯದನ್ನು ಕಟ್ಟಬಹುದು.

ಇನ್ನೊಂದು ದಾರಿ ಕೂಡ ಪುಸ್ತಕದಲ್ಲೇ ಇದೆ. ಮನುಷ್ಯರ ನಡುವೆ ಓಡಾಡುವ ಕೆಲವು ಎಲ್ಫ್‌ಗಳು ಮನೆತನದ ಹೆಸರನ್ನು ಮನುಷ್ಯರ ಮಾತಿಗೆ ತಿರುಗಿಸಿಕೊಳ್ಳುತ್ತವೆ. ನಮ್ಮ ಟೇಬಲ್‌ನಲ್ಲಿ ಮನುಷ್ಯರ ಮಾತು ಕನ್ನಡ ಅಲ್ವಾ? ಹಾಗಾದರೆ ನಮ್ಮ ಅಡ್ಡಹೆಸರಿನ ಜಾಡು ಹಿಡಿಯಿರಿ. ಬೆಲ್ಲದ, ತೋಟದ, ಹಡಪದ ಅಂತ "ದ" ಹಚ್ಚುವುದಿದೆ. ಜಮಖಂಡಿ, ಮುಧೋಳ ಅಂತ ಊರು ಹೇಳುವುದಿದೆ. ಬಡಿಗೇರ, ಪತ್ತಾರ, ಹೂಗಾರ ಅಂತ ಕಸುಬು ಹೇಳುವುದಿದೆ. ಸಿಯಾನೋಡೆಲ್ ಹೀಗೆ "ತಿಂಗಳಹಳ್ಳದ" ಆಗುತ್ತದೆ. ನಮ್ಮ ರೇಂಜರ್ ಕಾಡಿನಲ್ಲಿ ಎಲರಿನ್ ಸಿಯಾನೋಡೆಲ್, ಸಂತೆಗೆ ಬಂದಾಗ ತಿಂಗಳಹಳ್ಳದ ಎಲರಿನ್. ಡಿಎಂ ಒಮ್ಮೆ ಆ ಹೆಸರಿನಿಂದ ಕರೆದರೆ ಸಾಕು, ಟೇಬಲ್‌ನಲ್ಲಿ ಎಲ್ಲರಿಗೂ ಅದು ನಾಲಿಗೆ ಮೇಲೆ ಕೂರುತ್ತದೆ.

ಜಾಗ್ರತೆ ಒಂದೇ: ಜೀವಂತ ಇರುವ ಪರಿಚಿತ ಮನೆತನದ ಹೆಸರನ್ನು ನೇರವಾಗಿ ಹಾಕಬೇಡಿ. ನಿಮ್ಮ ಎಲ್ಫ್ ಕಳ್ಳನಾಗಿದ್ದು ಎದುರಿಗೆ ಕೂತವರ ಅಡ್ಡಹೆಸರೇ ಅದಾದರೆ ಆಟ ಕೆಡುತ್ತದೆ.

ಹಂತ 8: ಈಗ ಸ್ಪೆಲಿಂಗ್

ಶೀಟ್‌ನಲ್ಲಿ ಮೊದಲು ಕನ್ನಡದಲ್ಲಿ ಬರೆಯಿರಿ, ಕೆಳಗೆ ಇಂಗ್ಲಿಷ್. ನಡುವೆ ಮೇಲ್ಚುಕ್ಕೆ, ಅಂದರೆ ಅಪಾಸ್ಟ್ರಫಿ, ಹಾಕುವ ಚಟ ಬಿಡಿ. ಅದನ್ನು ಓದುವಾಗ ಏನು ಮಾಡಬೇಕು ಅಂತ ಯಾರಿಗೂ ಗೊತ್ತಿಲ್ಲ, ನೀವೂ ಪ್ರತಿ ಸಲ ಬೇರೆ ಬೇರೆ ಹೇಳುತ್ತೀರಿ. ಕೇಳಿಸದ ಎಚ್, ಸುಮ್ನೆ ಸೇರಿಸಿದ ವೈ, ಎರಡೆರಡು ಎಲ್ ಇವೂ ಬೇಡ.

ಕಂಪ್ಯೂಟರ್ ಆಟಕ್ಕೂ ಇದೇ ಹೆಸರು ಬೇಕಾದರೆ ಅಕ್ಷರ ಎಣಿಸಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಪಾತ್ರದ ಹೆಸರಿಗೆ 12 ಅಕ್ಷರದ ಮಿತಿ, ಅಂಕಿ ಮತ್ತು ಖಾಲಿ ಜಾಗಕ್ಕೆ ಅವಕಾಶ ಇಲ್ಲ. ಕೊನೆಗೆ ಒಮ್ಮೆ ಇಂಟರ್‌ನೆಟ್‌ನಲ್ಲಿ ಹೆಸರು ಹುಡುಕಿ. ಯಾವುದೋ ಔಷಧಿಯೋ, ಹೆಸರಾಂತ ಪಾತ್ರವೋ ಬಂದರೆ ಒಂದು ಸ್ವರ ಬದಲಿಸಿ. ಟೋಲ್ಕಿನ್ ಕಥೆಯ ಎಲ್ಫ್ ಲೆಗೊಲಾಸ್ ಹೆಸರಿನ ಒಂದಕ್ಷರ ತಿರುಗಿಸಿ ಇಡುವುದನ್ನಂತೂ ಮಾಡಲೇಬೇಡಿ. ಆ ಹೆಸರಿನ ಕೂಡಿಕೆ ಹಸಿರು ಮತ್ತು ಎಲೆ. ಕೂಡಿಸುವ ರೀತಿ ಕಲಿಯಿರಿ, ಹೆಸರು ಬಿಡಿ.

ಹೆಸರು ಕೂತಿಲ್ಲ ಅನ್ನುವುದರ ಗುರುತು

ಮೊದಲ ಎರಡು ಸೆಷನ್ ಕಿವಿ ತೆರೆದಿಡಿ. ಡಿಎಂ ನಿಮ್ಮನ್ನು "ಬಿಲ್ಲಿನವನು" ಅಂತಲೇ ಹೇಳುತ್ತಿದ್ದಾರಾ? ಹೆಸರು ಹೇಳುವ ಮುಂಚೆ ಜನ ಒಂದು ಕ್ಷಣ ನಿಲ್ಲುತ್ತಾರಾ? ನೀವೇ ಶೀಟ್ ನೋಡಿ ಹೇಳುತ್ತಿದ್ದೀರಾ? ಗಂಭೀರ ದೃಶ್ಯದಲ್ಲಿ ಹೆಸರು ಬಂದ ಕೂಡಲೇ ಯಾರಾದರೂ ನಗುತ್ತಾರಾ? ಕೊನೆಯದೊಂದೇ ಆದರೂ ಬದಲಿಸಿ. ಅಡ್ಡಕರೆ ಬಂದರೆ ಮಾತ್ರ ಚಿಂತೆ ಬೇಡ, ಎಲ್ಯಾ ಅಂತ ಕರೆಯುತ್ತಿದ್ದಾರೆ ಅಂದರೆ ಹೆಸರು ಅವರ ಬಾಯಿಗೆ ಹತ್ತಿದೆ.

ಆಟದ ನಡುವೆ ಬದಲಿಸುವುದು

ಮೂರನೇ ಸೆಷನ್ ಒಳಗಾದರೆ ಸುಮ್ನೆ ಬದಲಿಸಿ, ಕಾರಣ ಹೇಳಬೇಕಿಲ್ಲ. ಆಮೇಲಾದರೆ ಕಥೆಯೊಳಗಿಂದ ಬನ್ನಿ. ಹಂತ 2ರಲ್ಲಿ ಹೇಳಿದ ಮಗುವಿನ ಹೆಸರು ಇಲ್ಲಿ ಕೆಲಸಕ್ಕೆ ಬರುತ್ತದೆ. ಊರಿನ ಹಳೇ ಎಲ್ಫ್ ಒಬ್ಬರು ದಾರಿಯಲ್ಲಿ ಸಿಕ್ಕಿ ಆ ಚಿಕ್ಕ ಹೆಸರಿನಿಂದ ಕರೆಯಲಿ, ಪಾರ್ಟಿ ಅದನ್ನೇ ಹಿಡಿದುಕೊಳ್ಳಲಿ. ಇದನ್ನು ಡಿಎಂಗೆ ಒಂದು ವಾರ ಮುಂಚೆ ಹೇಳಿಡಿ, ಆ ಎನ್‌ಪಿಸಿಗೂ ಒಂದು ಹೆಸರು ಬೇಕಾಗುತ್ತದೆ.